ಅವ್ವನ ಸೀರೆ, ಮ್ಯಾಂಚೆಸ್ಟರಿನ ಬಿಸಿಲು

ಅವ್ವ ತೀರಿಕೊಂಡ ಸುದ್ದಿ ಬಂದಾಗ ಮ್ಯಾಂಚೆಸ್ಟರಿನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ಸಿಕ್ಕ ವಿಮಾನ ಹತ್ತಿ, ದುಬೈಯಲ್ಲಿ ಕಾದು, ಬೆಂಗಳೂರಿನಲ್ಲಿ ಇಳಿದು ಮದ್ದೂರು ಕಡೆಯ ನಮ್ಮ ಊರು ಸೇರುವ ಹೊತ್ತಿಗೆ ಮಣ್ಣು ಮುಗಿದು ಒಂದು ರಾತ್ರಿ ಕಳೆದಿತ್ತು. ಗದ್ದೆಯ ಬದಿಯ ತೆಂಗಿನ ಮರದ ಹತ್ತಿರ ಅವ್ವನನ್ನು ಇಳಿಸಿದ್ದನ್ನು ನಾನು ಕಂಡದ್ದು ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕುಳಿತು, ಅಣ್ಣನ ಮಗ ಹಿಡಿದಿದ್ದ ಮೊಬೈಲಿನ ವಿಡಿಯೋದಲ್ಲಿ, ಅದೂ ನಡುನಡುವೆ ನಿಂತು ಹೋಗುತ್ತಿದ್ದ ಚಿತ್ರದಲ್ಲಿ. ಮೂರನೆಯ ದಿನದ ಹಾಲುತುಪ್ಪಕ್ಕೆ ನಾನು ಒದಗಿದೆ, ಅಷ್ಟೇ.

ಊರ ಬಾಗಿಲಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಫ್ಲೆಕ್ಸ್. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ದಪ್ಪ ಅಕ್ಷರಗಳ ಕೆಳಗೆ ಅವ್ವನ ಮುಖ ಹತ್ತು ಅಡಿ ಎತ್ತರಕ್ಕೆ ನಿಂತಿತ್ತು. ಅವ್ವ ಒಬ್ಬಳೇ ಕುಳಿತು ತೆಗೆಸಿಕೊಂಡ ಫೋಟೋ ನಮ್ಮಲ್ಲಿ ಇರಲಿಲ್ಲವಾದ್ದರಿಂದ, ಯಾವುದೋ ಮದುವೆಯ ಗುಂಪು ಚಿತ್ರದಿಂದ ಆ ಮುಖವನ್ನು ಕತ್ತರಿಸಿ ತೆಗೆದಿದ್ದರು. ಫ್ಲೆಕ್ಸ್ ಅಂಗಡಿಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಮುಖವನ್ನು ಬೆಳ್ಳಗೆ ಮಾಡಿದ್ದ, ಹಿಂದೆ ಮೋಡದ ಆಕಾಶ ಇಟ್ಟಿದ್ದ, ಕೊರಳಿಗೆ ಅವಳು ಎಂದೂ ಧರಿಸದ ಸರವನ್ನು ಹಾಕಿದ್ದ. ಇದೆಲ್ಲವನ್ನೂ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ತುಟಿಯ ಮೇಲಿನ ಎಲೆಅಡಿಕೆಯ ಕೆಂಪನ್ನು ಕಲೆಯೆಂದು ತಿಳಿದು ಅವನು ಒರೆಸಿಬಿಟ್ಟಿದ್ದ. ಆ ಕೆಂಪಿಲ್ಲದ ಅವ್ವನನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಫೋಟೋ ಇಲ್ಲದಿರುವುದರಲ್ಲಿ ಅವ್ವನ ಪಾಲೂ ಇದೆಯೆನ್ನಬೇಕು. ನಾನು ರಜೆಗೆ ಬಂದಾಗಲೆಲ್ಲ ಕ್ಯಾಮೆರಾ ಎತ್ತಿದರೆ ಸೆರಗನ್ನು ಮುಖಕ್ಕೆ ಎಳೆದುಕೊಂಡು, “ಬುಡು ಮಗ, ಈ ಸುಕ್ಕು ಮೊಕ ಏನ್ ತಕ್ಕಂಡು ನೋಡ್ತೀಯ, ಉಂಬಾಕ್ ಬಾ” ಎನ್ನುತ್ತಿದ್ದಳು. ನನ್ನ ಬಳಿ ಇರುವ ಅವಳ ಚಿತ್ರಗಳಲ್ಲಿ ಹೆಚ್ಚಿನವು ಸೆರಗಿನ ಚಿತ್ರಗಳೇ.

ತಿಥಿ ಮುಗಿಸಿ ಹೊರಡುವಾಗ ಅಕ್ಕ ಬೀರುವಿನಿಂದ ಒಂದು ಹಳೆಯ ಹತ್ತಿ ಸೀರೆಯನ್ನೂ ಎಲೆಅಡಿಕೆಯ ಸಂಚಿಯನ್ನೂ ತೆಗೆದು ನನ್ನ ಸೂಟ್‌ಕೇಸಿನೊಳಗಿಟ್ಟಳು. ಆ ಸೀರೆಯನ್ನು ಅವ್ವ ಕಬ್ಬಿನ ಗದ್ದೆಗೆ ಹೋಗುವಾಗ ಉಡುತ್ತಿದ್ದಳು. ಕಬ್ಬಿನ ಗರಿಗೆ ಸಿಕ್ಕಿ ಸೆರಗಿನ ಅಂಚಿನಲ್ಲಿ ಬೆರಳು ತೂರುವಷ್ಟು ಹರಿದಿತ್ತು. ಮ್ಯಾಂಚೆಸ್ಟರಿಗೆ ಬಂದ ಮೇಲೆ ಎರಡು ವಾರ ಅದನ್ನು ಮುಟ್ಟಲಿಲ್ಲ. ಒಗೆಯಲೂ ಇಲ್ಲ, ಏಕೆಂದು ವಿವರಿಸಬೇಕಿಲ್ಲ.

ನಾನು ಹವ್ಯಾಸಕ್ಕೆಂದು ಸಯನೋಟೈಪ್ ಎಂಬ ಹಳೆಯ ಬಗೆಯ ಫೋಟೋಗಳನ್ನು ಮಾಡುತ್ತಿದ್ದೆ. ಇದನ್ನು 1842ರಲ್ಲಿ ಕಂಡುಹಿಡಿದವರು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಎಂಜಿನಿಯರುಗಳು ನಕ್ಷೆಗಳ ಪ್ರತಿ ತೆಗೆಯಲು ಬಹುಕಾಲ ಬಳಸಿದ್ದು ಇದೇ ವಿಧಾನ. ನಮ್ಮ ಪತ್ರಿಕೆಗಳು ದಿನಬೆಳಗಾದರೆ ಬರೆಯುವ ‘ನೀಲನಕ್ಷೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಇದಕ್ಕೆ ಕ್ಯಾಮೆರಾ ಬೇಕಿಲ್ಲ, ಕತ್ತಲೆ ಕೋಣೆಯ ಸರಂಜಾಮೂ ಬೇಕಿಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳನ್ನು ಬೇರೆಬೇರೆಯಾಗಿ ನೀರಿನಲ್ಲಿ ಕರಗಿಸಿ, ಸಮ ಪ್ರಮಾಣದಲ್ಲಿ ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿದರೆ ಕಾಗದ ಹಸಿರುಹಳದಿಯಾಗುತ್ತದೆ. ಅದರ ಮೇಲೆ ವಸ್ತುವನ್ನಿಟ್ಟು, ಗಾಜಿನಿಂದ ಒತ್ತಿ ಬಿಸಿಲಿಗೆ ಹಿಡಿದರೆ ಬಿಸಿಲಿನ ನೇರಳಾತೀತ ಕಿರಣ ತಾಗಿದ ಕಡೆ ಕಬ್ಬಿಣದ ಲವಣ ಬದಲಾಗುತ್ತದೆ. ಆಮೇಲೆ ಬರಿ ನೀರಿನಲ್ಲಿ ತೊಳೆದಾಗ ಅಲ್ಲಿ ನೀಲಿ ಉಳಿಯುತ್ತದೆ, ನೆರಳು ಬಿದ್ದ ಕಡೆ ಕಾಗದದ ಬಿಳುಪು ಕಾಣುತ್ತದೆ. ಮೊದಲನೆಯ ಲವಣವನ್ನು ರಕ್ತಹೀನತೆಗೆ ಕೊಡುವ ಕೆಲವು ಟಾನಿಕ್ಕುಗಳಲ್ಲೂ ಬಳಸುತ್ತಾರೆ. ಮಂಡ್ಯದ ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಟಾನಿಕ್ಕನ್ನು ಅವ್ವ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದದ್ದು ನೆನಪಾಗಿ, ದ್ರಾವಣ ಕಲಸುವಾಗ ಒಬ್ಬನೇ ನಕ್ಕದ್ದುಂಟು.

ಕ್ಯಾಮೆರಾದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಕ್ಯಾಮೆರಾ ದೂರ ನಿಂತು ನೋಡುತ್ತದೆ. ಇಲ್ಲಿ ವಸ್ತು ಕಾಗದವನ್ನು ಮುಟ್ಟಲೇಬೇಕು, ಮುಟ್ಟಿದ ಅಳತೆಯಲ್ಲೇ, ಒಂದು ಎಳೆ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಚಿತ್ರ ಮೂಡುತ್ತದೆ. ಹಿಗ್ಗಿಸುವ, ಬೆಳ್ಳಗೆ ಮಾಡುವ, ಹಿಂದೆ ಮೋಡ ಇಡುವ ಅವಕಾಶ ಯಾರಿಗೂ ಇಲ್ಲ. ಮಣ್ಣಿಗಿಡುವ ಮುನ್ನ ಅವ್ವನ ಕೈಯನ್ನು ಮುಟ್ಟಲಾಗದ ನನಗೆ ಈ ಮುಟ್ಟುವಿಕೆಯೇ ಬೇಕಾಗಿತ್ತೆಂದು ಈಗ ಅನ್ನಿಸುತ್ತದೆ.

ಆದರೆ ಡಿಸೆಂಬರಿನ ಮ್ಯಾಂಚೆಸ್ಟರಿನಲ್ಲಿ ಬಿಸಿಲೆಲ್ಲಿಂದ ತರುವುದು? ಆ ತಿಂಗಳ ಕೊನೆಯ ದಿನಗಳಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 13 ಡಿಗ್ರಿ ಮಾತ್ರ ಮೇಲೇರುತ್ತಾನೆ. ಅದೇ ದಿನ ಮಂಡ್ಯದಲ್ಲಿ 54 ಡಿಗ್ರಿ. ಮೋಡ ಬೇರೆ. ಮೊದಲ ಪ್ರಯತ್ನದಲ್ಲಿ ಸೆರಗನ್ನು ಕಾಗದದ ಮೇಲೆ ಹರಡಿ ಹಿತ್ತಲಲ್ಲಿ ಒಂದೂವರೆ ಗಂಟೆ ಇಟ್ಟು ಕಾದರೂ, ತೊಳೆದಾಗ ಬಣ್ಣವೆಲ್ಲ ನೀರಿನಲ್ಲಿ ಹೋಗಿ ಹಾಲಿಗೆ ಒಂದು ಹನಿ ಶಾಯಿ ಬಿದ್ದಂಥ ಮಸುಕು ಮಾತ್ರ ಉಳಿಯಿತು. ನೇರಳಾತೀತ ದೀಪ ಕೊಂಡರೆ ಕೆಲಸ ಸುಲಭವಾಗುತ್ತಿತ್ತು, ಗೆಳೆಯರೂ ಅದನ್ನೇ ಹೇಳಿದರು. ನನಗೇಕೋ ಅವ್ವನ ಸೀರೆಯನ್ನು ದೀಪದಡಿ ಇಡುವುದು ಆಸ್ಪತ್ರೆಯ ನೆನಪು ತಂದಿತು. ಏಪ್ರಿಲ್ ತನಕ ಕಾಯಲು ತೀರ್ಮಾನಿಸಿದೆ.

ಆ ಕಾಯುವಿಕೆಯಲ್ಲಿ ಓದಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹರ್ಷೆಲ್ಲರ ವಿಧಾನದಿಂದ 1843ರಲ್ಲಿ ಪಾಚಿಗಳ ಚಿತ್ರಗಳನ್ನು ಮಾಡಿ, ಫೋಟೋಗಳಿರುವ ಪುಸ್ತಕವನ್ನು ಮೊದಲು ಹೊರತಂದವರು ಅನ್ನಾ ಅಟ್ಕಿನ್ಸ್ ಎಂಬ ಇಂಗ್ಲಿಷ್ ಮಹಿಳೆ. ಶಿಶುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಅವರನ್ನು ವಿಜ್ಞಾನಿಯಾಗಿದ್ದ ತಂದೆಯೇ ಬೆಳೆಸಿದ್ದರು. ಆ ತಂದೆ 1852ರ ಮೊದಲ ದಿನ ತೀರಿಕೊಂಡರು. ಆ ಬೇಸಿಗೆಯಲ್ಲಿ, ಒಡಹುಟ್ಟಿದವಳಂತಿದ್ದ ಗೆಳತಿ ಆನ್ ಡಿಕ್ಸನ್ ಬಂದು ಅವರ ಜೊತೆ ಉಳಿದರು; ಇಬ್ಬರೂ ಸೇರಿ ಜರೀಗಿಡಗಳ ನೀಲಿ ಚಿತ್ರಗಳನ್ನು ಮಾಡಿದರು. ವಿಜ್ಞಾನದ ಚರಿತ್ರೆಯಲ್ಲಿ ಅವು ಸಸ್ಯಗಳ ಚಿತ್ರಗಳೆಂದೇ ದಾಖಲಾಗಿವೆ. ಸಾವಿನ ಮನೆಯಲ್ಲಿ ಇಬ್ಬರು ಹೆಂಗಸರು ಎಲೆಗಳನ್ನು ಬಿಸಿಲಿಗೆ ಹಿಡಿದು ಸುಮ್ಮನೆ ಕಾಯುತ್ತಿದ್ದದ್ದು ನನ್ನ ಕಣ್ಣ ಮುಂದೆ ಬರುತ್ತದೆ. ನಮ್ಮೂರಲ್ಲಾದರೆ ಅಕ್ಕಪಕ್ಕದವರು ಹೀಗೆ ಬಂದು ಕುಳಿತು ಅವರೆಕಾಯಿ ಸುಲಿಯುತ್ತಾರೆ.

ಏಪ್ರಿಲಿನಲ್ಲಿ ಸೆರಗು ಮೂಡಿತು. ಸವೆದ ಹತ್ತಿಯ ಮೂಲಕ ಬೆಳಕು ಸೋಸಿ ಇಳಿದು ನೇಯ್ಗೆಯ ಎಳೆಎಳೆಯೂ ಕಾಣಿಸಿತು. ನಾನು ನಿರೀಕ್ಷಿಸದೇ ಇದ್ದದ್ದು ಒಂದಿತ್ತು: ಬಟ್ಟೆಯಿದ್ದ ಕಡೆಯೆಲ್ಲ ತಿಳಿನೀಲಿ, ಕಬ್ಬಿನ ಗರಿ ಹರಿದ ಆ ತೂತಿನಲ್ಲಿ ಮಾತ್ರ ಬೆಳಕು ತಡೆಯಿಲ್ಲದೆ ಬಿದ್ದು ಬಾವಿಯಂಥ ಗಾಢ ನೀಲಿ. ರಸಾಯನದ ಲೆಕ್ಕದಲ್ಲಿ ಅದು ಹಾಗೆಯೇ ಆಗಬೇಕು. ಲೆಕ್ಕ ಗೊತ್ತಿದ್ದೂ ನಾನು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅತ್ತೆ. ಮಣ್ಣಿನ ದಿನದಿಂದ ಅಲ್ಲಿಯತನಕ ಅತ್ತಿರಲಿಲ್ಲ.

ಎರಡನೆಯ ಚಿತ್ರ ಕೆಟ್ಟದ್ದರಿಂದ ಮೂರನೆಯದು ಹುಟ್ಟಿತು. ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ವೀಳ್ಯದೆಲೆ ಸಿಗುತ್ತದೆ. ಎರಡು ಎಲೆಗಳನ್ನೂ ಸಂಚಿಯನ್ನೂ ಇಟ್ಟು ಚಿತ್ರ ಮಾಡಿ ಒಣಗಲು ಬಿಟ್ಟೆ. ಸಂಚಿಯೊಳಗಿನ ಸುಣ್ಣದ ಡಬ್ಬಿಯ ಮುಚ್ಚಳದಲ್ಲಿ ಅವ್ವನ ಬೆರಳು ಬಿಟ್ಟ ಸುಣ್ಣ ಇನ್ನೂ ಉಳಿದಿತ್ತು. ಒದ್ದೆ ಕಾಗದದ ಮೇಲೆ ಆ ಡಬ್ಬಿಯನ್ನು ಅರಿಯದೆ ಇಟ್ಟವನು ನಾನೇ. ಎತ್ತಿ ನೋಡಿದರೆ ಆ ಜಾಗದ ನೀಲಿ ಹಾರಿಹೋಗಿ ಹಳದಿ ಉಂಗುರ ಉಳಿದಿತ್ತು. ಈ ನೀಲಿಗೆ ಕ್ಷಾರ ಆಗಿಬರುವುದಿಲ್ಲ; ಸೋಪು, ವಾಷಿಂಗ್ ಸೋಡಾ, ಸುಣ್ಣ ಯಾವುದು ತಾಗಿದರೂ ಬಣ್ಣ ಬಿಡುತ್ತದೆ. ಹಾಗೆ ಬಿಟ್ಟ ಜಾಗದಲ್ಲಿ ಕಬ್ಬಿಣ ಮಾತ್ರ ಕಾಗದದಲ್ಲೇ ಉಳಿದಿರುತ್ತದೆ, ಅದಕ್ಕೆ ಚಹಾದಂಥ ಒಗರು ಕಷಾಯ ತಾಗಿದರೆ ಕಪ್ಪಿಗೆ ತಿರುಗುತ್ತದೆ. ಒಗರು ಎಂದೊಡನೆ ಸಂಚಿಯಲ್ಲಿದ್ದ ಅಡಿಕೆ ನೆನಪಾಯಿತು. ನಾಲ್ಕು ಹೋಳನ್ನು ಕುದಿಸಿ, ಆರಿಸಿ, ಹೊಸದಾಗಿ ಮಾಡಿದ ಎಲೆಯ ಚಿತ್ರವನ್ನು ಮೊದಲು ಸುಣ್ಣದ ತಿಳಿನೀರಿನಲ್ಲೂ ಆಮೇಲೆ ಆ ಕಷಾಯದಲ್ಲೂ ಅದ್ದಿದೆ. ಬಾಯಲ್ಲಿ ಎಲೆ, ಅಡಿಕೆ, ಸುಣ್ಣ ಕೂಡಿದರೆ ಕೆಂಪು. ಕಾಗದದಲ್ಲಿ ಕಬ್ಬಿಣ ಇರುವುದರಿಂದ ಕಂದುಗಪ್ಪು. ಫ್ಲೆಕ್ಸ್ ಅಂಗಡಿಯ ಹುಡುಗ ಒರೆಸಿದ ಬಣ್ಣವಂತೂ ಅದಲ್ಲ. ಆದರೂ ಒಣಗಿದ ಚಿತ್ರವನ್ನು ಮೂಸಿದರೆ ಅಡಿಕೆಯ ವಾಸನೆ ಇತ್ತು.

ಸೆರಗಿನ ಚಿತ್ರವನ್ನು ಅಕ್ಕನಿಗೆ ಅಂಚೆಯಲ್ಲಿ ಕಳಿಸಿದೆ. ಬಿಸಿಲು ಬೀಳುವ ಗೋಡೆಗೆ ಹಾಕಬೇಡ, ಬೆಳಕಿಗೆ ನೀಲಿ ಮಂಕಾಗುತ್ತದೆ, ಮಂಕಾದರೂ ಹೆದರಬೇಡ, ಕೆಲವು ದಿನ ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ಮರಳಿ ಬರುತ್ತದೆ ಎಂದೂ ಬರೆದಿದ್ದೆ. ಅವಳು ಫೋನಿನಲ್ಲಿ ಬಹಳ ಹೊತ್ತು ಏನೂ ಹೇಳದೆ, “ಆ ಹರುಕು ನಾನು ಹೊಲ್ದಿದ್ದೆ ಕಣೊ, ಅವ್ವ ಮತ್ತೆ ಬಿಚ್ಚಾಕಿದ್ಲಾ?” ಎಂದಳು. ನನಗೆ ತಿಳಿಯದೆ ಇದ್ದ ಮಾತು ಅದು. ಆಮೇಲೆ ಸೀರೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಹರಿದ ಅಂಚಿನ ಸುತ್ತ ಸೂಜಿ ತೂರಿದ ಸಣ್ಣ ರಂಧ್ರಗಳ ಸಾಲು ಇತ್ತು; ಚಿತ್ರದ ಫೋನ್ ಪ್ರತಿಯನ್ನು ಹಿಗ್ಗಿಸಿದರೆ ಅಲ್ಲೂ ಇತ್ತು, ಒಂದೊಂದೂ ಗಾಢ ನೀಲಿಯ ಚುಕ್ಕೆಯಾಗಿ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಯಾವ ಫೋಟೋ ಇಡಲಿ ಎಂದು ಅಕ್ಕ ಕೇಳಿದಳು. ಸರ ಹಾಕಿದ ಆ ಬೆಳ್ಳನೆಯ ಮುಖವೇ ಇರಲಿ, ಊರವರಿಗೆ ಗುರುತಾಗಬೇಕಲ್ಲ ಎಂದೆ. ಅವಳು ಅದನ್ನೂ ಇಟ್ಟು, ಪಕ್ಕದಲ್ಲಿ ಸೆರಗನ್ನೂ ಇಟ್ಟು, ಮುಂದೆ ಬಾಳೆಲೆಯ ಮೇಲೆ ಎಲೆಅಡಿಕೆ ಬಡಿಸಿದ್ದಳು. ಸುಣ್ಣವನ್ನು ಮಾತ್ರ ಚಿತ್ರದಿಂದ ದೂರಕ್ಕೆ ಸರಿಸಿದ್ದೇನೆ ಎಂದು ಫೋನಿನಲ್ಲಿ ಹೇಳಿದಳು.