ಮಗಳು ಹುಟ್ಟಿದ ಊರಿಗೆ ಹೊರಟವರು ಮೊದಲು ರೂಮು ವಿಚಾರಿಸಿ

ರಾತ್ರಿಯಿಡೀ ರೈಲಿನಲ್ಲಿ ಕೂತು ವಿಜಯಪುರಕ್ಕೆ ಬಂದಿಳಿದಿದ್ದೆವು. ಲಾಡ್ಜಿನ ಕೌಂಟರಿನ ಹುಡುಗ ನಮ್ಮ ಮೂರೂ ಪಾಸ್‌ಪೋರ್ಟ್ ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಫಾರಿನ್ ಪಾಸ್‌ಪೋರ್ಟ್ ಇದ್ದವ್ರಿಗೆ ರೂಮ್ ಕೊಡಂಗಿಲ್ರಿ."

ನಾನು, ನನ್ನ ಗಂಡ ಶಿವಮೊಗ್ಗ ಕಡೆಯವರು. ಈಗ ಅಮೆರಿಕದ ಪ್ರಜೆಗಳು. ಮಗಳು ಹುಟ್ಟಿದ್ದೇ ಈ ಊರಲ್ಲಿ. 2011ರಲ್ಲಿ ಇಲ್ಲಿನ ಶಿಶುಗೃಹದಿಂದ ದತ್ತು ತಗೊಂಡೆವು. ಅದನ್ನು ಅವಳಿಗೆ ತೋರಿಸಲೆಂದೇ ಬಂದಿದ್ದೆವು. ಅವಳು ಸೂಟ್‌ಕೇಸಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. "ಅಮ್ಮಾ, ನಾನು ಇಲ್ಲಿಯವಳೇ ಅಲ್ವಾ?" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಹುಡುಗನದ್ದು ತಪ್ಪಲ್ಲ. ವಿದೇಶಿ ಪಾಸ್‌ಪೋರ್ಟಿನವರು ಉಳಿದರೆ ಅವರ ವಿವರವನ್ನು ಲಾಡ್ಜಿನವರು 24 ಗಂಟೆಯೊಳಗೆ ಸರ್ಕಾರಕ್ಕೆ ಕೊಡಬೇಕು, ಫಾರ್ಮ್ ಸಿ ಅಂತ ಕರೆಯುವ ಫಾರ್ಮ್ ತುಂಬಿ. ಅದಕ್ಕೆ ಲಾಡ್ಜ್ ಮೊದಲೇ ನೋಂದಣಿ ಆಗಿರಬೇಕು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ತೋರಿಸಿದರೂ ಕೆಲಸ ಆಗಲಿಲ್ಲ. ನನ್ನ ಸಿಟ್ಟು ದುಡ್ಡಿನ ಮೇಲೆ. ಅಮೆರಿಕದವರು ಅಂತ ಬರೆದೇ ಬುಕ್ ಮಾಡಿದ್ದೆವು, ಆಗ ಯಾರೂ ಬೇಡ ಅನ್ನಲಿಲ್ಲ. ಕಟ್ಟಿದ 3,800 ರೂಪಾಯಿ ಹೋಯಿತು. ಎರಡನೇ ಕಡೆ ನಮ್ಮ ಅವಸರ ನೋಡಿ ಒಂದು ರಾತ್ರಿಗೆ 4,500 ಹೇಳಿದರು. ಬಿಸಿನೀರು ಬಕೆಟಿನಲ್ಲಿ ತಂದುಕೊಟ್ಟರು. ಹಾಗಾಗಿ ಬುಕ್ ಮಾಡೋ ಮೊದಲು ಫೋನ್ ಮಾಡಿ, "ನೀವು ಫಾರ್ಮ್ ಸಿ ತುಂಬ್ತೀರಾ?" ಅಂತ ಒಂದೇ ಮಾತು ಕೇಳಿ.

ಕಾಗದಪತ್ರದಲ್ಲಿ ಇನ್ನೊಂದು ತೊಡಕಿದೆ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮೊದಲಿನ ದತ್ತು ಆದೇಶ, ಜನನ ಪ್ರಮಾಣಪತ್ರ ಎಲ್ಲದರಲ್ಲೂ ಬಿಜಾಪುರ ಅಂತಲೇ ಇರುತ್ತದೆ. ಎರಡೂ ಒಂದೇ ಊರು ಅಂತ, ಶಿಶುಗೃಹದ ಭೇಟಿಗಾಗಿ ಬರೆಯುವ ಪತ್ರದಲ್ಲಿ ಒಂದು ಸಾಲು ಬರೆದುಬಿಡಿ.

ಶಿಶುಗೃಹಕ್ಕೆ ಸುಮ್ನೆ ಹೋಗಿ ಗೇಟ್ ಬಡಿಯೋದು ಬೇಡ. ನಾವು ಮೂರು ತಿಂಗಳು ಮೊದಲೇ ಬರೆದಿದ್ದೆವು. ನಮ್ಮ ಅಮೆರಿಕದ ದತ್ತು ಏಜೆನ್ಸಿಗೆ, ದತ್ತು ವಿಷಯ ನೋಡಿಕೊಳ್ಳುವ ದೆಹಲಿಯ ಕೇಂದ್ರ ಪ್ರಾಧಿಕಾರ 'ಕಾರಾ'ಗೆ (CARA), ಇಲ್ಲಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಹೋಗುವ ದಿನ ಆ ಪತ್ರಗಳ ಪ್ರಿಂಟ್ ಕೈಯಲ್ಲಿರಲಿ. ಮಕ್ಕಳ ಫೋಟೋ ತೆಗೆಯಬೇಡಿ. ಅಲ್ಲಿರುವ ಮಕ್ಕಳ ಗುರುತು ಹೊರಗೆ ಹಾಕುವುದು ಬಾಲ ನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ ಅಪರಾಧ. ಚಾಕೊಲೇಟ್ ಡಬ್ಬಿಯೂ ಬೇಡ. ಏನು ಬೇಕು ಅಂತ ಮೊದಲೇ ಕೇಳಿದ್ದೆವು, ಸೊಳ್ಳೆ ಪರದೆ ಅಂದರು. ಇಲ್ಲಿನ ಅಂಗಡಿಯಲ್ಲೇ ತಗೊಂಡು ಹೋದೆವು.

ಒಳಗೆ ನಾವು ಅಂದುಕೊಂಡ ಹಾಗೆ ಏನೂ ನಡೆಯಲಿಲ್ಲ. ಅವತ್ತು ಮಗುವನ್ನು ನನ್ನ ಮಡಿಲಿಗೆ ಹಾಕಿದ ಆಯಾ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗಿರುವ ಯಾರಿಗೂ ನನ್ನ ಮಗಳ ನೆನಪಿಲ್ಲ. ಗೋಡೆಗೆ ಬೇರೆ ಬಣ್ಣ. ಹೀಗೂ ಆಗಬಹುದು ಅಂತ ಮಗುವಿಗೆ ಮನೆಯಲ್ಲೇ ಹೇಳಿಟ್ಟುಕೊಳ್ಳಿ. ನಾವು ಹೇಳಿರಲಿಲ್ಲ.

ಶಿಶುಗೃಹದ ಮೇಡಂ ಹಳೆಯ ರಿಜಿಸ್ಟರ್ ತೆಗೆದರು. ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಬಿಳಿ ಹಾಳೆಯಿಂದ ಮುಚ್ಚಿ ಮಗಳ ಒಂದೇ ಸಾಲು ತೋರಿಸಿದರು. ನೀಲಿ ಶಾಯಿ. ತಾರೀಖು. ತೂಕ 1 ಕೆಜಿ 900 ಗ್ರಾಂ, ಅದರ ಮೇಲೆ ಯಾರೋ ತಿದ್ದಿದ ಗುರುತು. ಬಂದ ಹೊತ್ತು ಬೆಳಗಿನ ಜಾವ 4.20. ಮಗಳು ಅದನ್ನು ಎರಡು ಸಲ ಓದಿದಳು, ಏನೂ ಕೇಳಲಿಲ್ಲ.

ಪಕ್ಕದ ಕೋಣೆಯಲ್ಲಿ ಆಯಾ ಒಬ್ಬರು ಒಗೆದ ಲಂಗೋಟಿ ರಾಶಿ ಹಾಕಿಕೊಂಡು ಮಡಚುತ್ತಿದ್ದರು. ಇವಳು ಹೋಗಿ ಅವರ ಎದುರು ಕೂತಳು. ಮೂಲೆಗೆ ಮೂಲೆ ಕೂಡಿಸಿ ಮಡಚತೊಡಗಿದಳು. "ಹಂಗಲ್ಲವ್ವಾ, ಕೈಲೆ ಒತ್ತಬೇಕ ನೋಡು" ಅಂತ ಅವರು ತೋರಿಸಿಕೊಟ್ಟರು. ರಾಶಿ ಮುಗಿಯಲು ಒಂದು ಗಂಟೆ ಹಿಡಿಯಿತು. ನಾವಿಬ್ಬರೂ ಹೊಸ್ತಿಲ ಆಚೆಯೇ ನಿಂತಿದ್ದೆವು. ಅವತ್ತು ಬೇರೆ ಯಾವ ಕಾರ್ಯಕ್ರಮವೂ ಇಟ್ಟುಕೊಳ್ಳಬೇಡಿ. ಹೇಗನ್ನಿಸಿತು ಅಂತ ಮಗುವನ್ನು ಕೆದಕಲೂ ಬೇಡಿ.

ಊಟಕ್ಕೆ ಬಸ್ ಸ್ಟ್ಯಾಂಡ್ ಕಡೆಯ ಒಂದು ಚಿಕ್ಕ ಖಾನಾವಳಿಗೆ ಹೋದೆವು. ಆರೇ ಟೇಬಲ್. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಶೇಂಗಾ ಚಟ್ನಿ ಮೇಲೆ ಗಟ್ಟಿ ಮೊಸರು. ಒಬ್ಬರಿಗೆ 80 ರೂಪಾಯಿ, ರೊಟ್ಟಿ ಎಷ್ಟಾದರೂ ಹಾಕುತ್ತಾರೆ. ಬಡಿಸುತ್ತಿದ್ದ ಅಜ್ಜಿ ಮಗಳನ್ನು ನೋಡಿ, "ಯಾ ಊರವ್ವಾ ನಿಂದು?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವಳೇ "ಬಿಜಾಪುರ" ಅಂದಳು, ಕಾಗದದಲ್ಲಿ ಇದ್ದ ಹಾಗೆ. ಅಜ್ಜಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. "ಹಂಗಾದ್ರ ಖಾರ ನಡೀತೈತಿ" ಅಂತ ತಟ್ಟೆಗೆ ಒಂದು ಚಮಚ ಕೆಂಪಿಂಡಿ ಹಾಕಿದರು. ಮಗಳು ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದಳು. ಮೂರು ಲೋಟ ಮಜ್ಜಿಗೆ ಕುಡಿದಳು. ಉಳಿದ ಎಲ್ಲ ದಿನವೂ ಅಲ್ಲೇ ಊಟ.

ಗೋಲ್ ಗುಂಬಜ್‌ಗೆ ಭಾನುವಾರ ಹೋಗಬೇಡಿ. ಪಿಸುಮಾತೂ ಆಚೆ ಬದಿಗೆ ಕೇಳುವ ಜಾಗ ಅದು, ಆದರೆ ಜನ ಬರೀ ಕಿರುಚುತ್ತಾರೆ. ನನಗೆ ಹತ್ತು ನಿಮಿಷ ನಿಲ್ಲಲಾಗಲಿಲ್ಲ. ಇಬ್ರಾಹಿಂ ರೋಜಾ ಹಿಡಿಸಿತು. ಅಲ್ಲಿ ಹುಲ್ಲಿನ ಮೇಲೆ ನೆಮ್ಮದಿಯಾಗಿ ಕೂರಬಹುದು.

ಒಂದು ಎಚ್ಚರಿಕೆ. ಲಾಡ್ಜ್ ಹತ್ತಿರ ಒಬ್ಬ, 20 ಸಾವಿರ ಕೊಟ್ಟರೆ ಹೆತ್ತ ತಾಯಿಯನ್ನು ಹುಡುಕಿ ಕೊಡುತ್ತೇನೆ ಅಂದ. ಇಂಥವರ ಹತ್ತಿರ ಮಾತೇ ಬೇಡ. ಮೂರನೆಯವರು ಮೂಲ ಹುಡುಕುವುದಕ್ಕೆ ದತ್ತು ನಿಯಮದಲ್ಲಿ ಅವಕಾಶವೇ ಇಲ್ಲ. 18 ತುಂಬಿದ ಮೇಲೆ ಮಗುವೇ ಅರ್ಜಿ ಹಾಕಬಹುದು, ಅಲ್ಲಿಯವರೆಗೆ ತಂದೆತಾಯಿ ಜೊತೆ ಸೇರಿ. ಹೆತ್ತವಳಿಗೂ ತನ್ನ ಗುಟ್ಟು ಕಾಪಾಡಿಕೊಳ್ಳುವ ಹಕ್ಕಿದೆ. ಇದನ್ನು ನಾನು ಮಗಳಿಗೆ ಬಿಡಿಸಿ ಹೇಳಿದೆ.

ಜನವರಿಯಲ್ಲಿ ಹೋಗುವವರು ಸ್ವೆಟರ್ ಇಟ್ಟುಕೊಳ್ಳಿ. ಬಿಸಿಲಿನ ಊರು ಅಂತ ನಾವು ತಂದಿರಲಿಲ್ಲ. ಹೊರಡುವ ದಿನ ಮಗಳು ನಾಲ್ಕು ಗಂಟೆಗೆ ಅಲಾರಂ ಇಟ್ಟು ನಮ್ಮನ್ನೂ ಎಬ್ಬಿಸಿದಳು. 4.20ಕ್ಕೆ ಈ ಊರಲ್ಲಿ ಎಷ್ಟು ಕತ್ತಲೆ ಇರುತ್ತದೆ ಅಂತ ಅವಳು ನೋಡಬೇಕಿತ್ತಂತೆ. ಲಾಡ್ಜಿನ ಮಾಳಿಗೆಗೆ ಹೋದೆವು. ನನ್ನ ಒಂದೇ ಶಾಲನ್ನು ಮೂವರೂ ಹೊದ್ದುಕೊಂಡು ಕೆಳಗೆ ಹಾಲಿನ ಗಾಡಿ ಬರುವವರೆಗೂ ನಿಂತಿದ್ದೆವು.