ಮೂರನೆಯ ಸಿಲಿಂಡರಿನ ತಕರಾರು

ಕವೆಂಟ್ರಿಯಲ್ಲಿರುವ ನನ್ನ ಗೆಳೆಯರೊಬ್ಬರು ಹೋದ ಚಳಿಗಾಲದಲ್ಲಿ 1991ರ ಯೂನೋಸ್ ರೋಡ್‌ಸ್ಟರ್ ಒಂದನ್ನು ಕೊಂಡರು. ಮಾಜ್ದಾ ಎಂಎಕ್ಸ್-5 ಎಂದು ಹೊರಗಿನ ಲೋಕಕ್ಕೆ ಪರಿಚಿತವಾಗಿರುವ ಎರಡು ಸೀಟಿನ ಈ ಕಾರು ಜಪಾನಿನಲ್ಲಿ ಮಾರಾಟವಾದದ್ದು ಯೂನೋಸ್ ಎಂಬ ಹೆಸರಿನಲ್ಲಿ. ಅಲ್ಲಿಯೂ ಬ್ರಿಟನ್ನಿನಲ್ಲಿಯೂ ಸ್ಟೀರಿಂಗ್ ಬಲಕ್ಕೇ ಇರುವುದರಿಂದ ಇಂತಹ ಹಳೆಯ ಕಾರುಗಳು ಹಡಗೇರಿ ಇಲ್ಲಿಗೆ ಬಂದಿವೆ. ಮೀಟರು ತೋರಿಸುವ ಅಂಕಿ ಎಲ್ಲಿಯವರೆಗೆ ಕಿಲೋಮೀಟರು, ಎಲ್ಲಿಂದ ಮೈಲಿ ಎಂಬುದಕ್ಕೆ ಈ ಕಾರಿನಲ್ಲಿ ದಾಖಲೆ ಇರಲಿಲ್ಲವಾದ್ದರಿಂದ, ಎಂಜಿನ್ ಎಷ್ಟು ಸವೆದಿದೆ ಎಂಬುದನ್ನು ಎಂಜಿನ್ನನ್ನೇ ಕೇಳಬೇಕಿತ್ತು. ಅದು ಆಯಿಲ್ ಕುಡಿಯುತ್ತಿತ್ತು, ಜೋರಾಗಿ ವೇಗ ಹೆಚ್ಚಿಸಿದಾಗ ತೆಳುವಾಗಿ ನೀಲಿ ಹೊಗೆ ಬಿಡುತ್ತಿತ್ತು, ಬೆಳಿಗ್ಗೆ ಚಾಲೂ ಮಾಡಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಹಾಸನದ ಯಾವ ಗ್ಯಾರೇಜಿಗೆ ಒಯ್ದಿದ್ದರೂ ‘ರಿಂಗು (ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದನ್ನು ಮುಚ್ಚುವ ಉಂಗುರ) ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂಬ ತೀರ್ಪು ನಿಂತಲ್ಲೇ ಸಿಗುತ್ತಿತ್ತು. ಬಿಚ್ಚುವ ಮೊದಲು ಒಂದು ಶನಿವಾರವನ್ನು ಅಳತೆಗೆ ಕೊಡೋಣವೆಂದು ನಾನು ಹೇಳಿದೆ.

ಸದ್ದಿನ ವಿಚಾರ ಬೇಗ ಮುಗಿಯಿತು. ಈ 1.6 ಲೀಟರ್ ಎಂಜಿನ್ನಿನಲ್ಲಿ ವಾಲ್ವುಗಳ ಸಂದನ್ನು ಆಯಿಲ್ ಒತ್ತಡದಿಂದ ತಾವೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರುಗಳಿದ್ದು, ಕಾರು ಬಹಳ ಕಾಲ ನಿಂತಿದ್ದರೆ ಅವು ಬರಿದಾಗಿ ಸದ್ದು ಮಾಡುತ್ತವೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ಒಮ್ಮೆ ಕೇಳುವ, ಎಂಜಿನ್ ಬಿಸಿಯಾದಂತೆ ಅಡಗುವ ಈ ಹಗುರ ಸದ್ದೇ ಬೇರೆ, ಬೇರಿಂಗ್ ಸವೆದಾಗ ಕೆಳಗಿನಿಂದ ಏಳುವ ಗಡುಸಾದ ಬಡಿತವೇ ಬೇರೆ. ಬೇರಿಂಗಿನ ಬಡಿತವಾಗಿದ್ದರೆ ಆಯಾ ಸಿಲಿಂಡರಿನ ಕಿಡಿ ತಪ್ಪಿಸಿದಾಗ ಅದು ತಗ್ಗಬೇಕು. ಒಂದೊಂದಾಗಿ ತಪ್ಪಿಸಿ ನೋಡಿದರೂ ಇಲ್ಲಿ ಏನೂ ಬದಲಾಗಲಿಲ್ಲ. ಸದ್ದು ಮುಚ್ಚಲು ಹಿಂದಿನವರು ಮಂದವಾದ ಆಯಿಲ್ ತುಂಬಿರಬಹುದೆಂಬ ಗುಮಾನಿ ನನಗೆ ಯಾವಾಗಲೂ ಇರುತ್ತದೆ. ಆದ್ದರಿಂದ ಹಳೆಯ ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರವಿ ನೋಡಿದೆವು. ಅಯಸ್ಕಾಂತಕ್ಕೆ ಅಂಟುವ ಚೂರುಗಳಾಗಲಿ, ಅಂಟದೆ ಹೊಳೆಯುವ ಬೇರಿಂಗಿನ ಪುಡಿಯಾಗಲಿ ಇರಲಿಲ್ಲ. ಈ ಮಾದರಿಯ ಮೊದಲ ವರ್ಷಗಳ ಕಾರುಗಳಲ್ಲಿ ಆಯಿಲ್ ಒತ್ತಡದ ಮೀಟರು ನಿಜವಾಗಿಯೂ ಒತ್ತಡವನ್ನು ಅಳೆಯುತ್ತದೆ. ನಂತರದವುಗಳಲ್ಲಿ ಮುಳ್ಳು ಇದ್ದರೂ ಅದು ಒತ್ತಡ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಆದರೂ ಬೇರೆ ಗೇಜ್ ಜೋಡಿಸಿ, ಹೊಸ ಆಯಿಲ್ ಬಿಸಿಯಾದ ಮೇಲೆ ನೋಡಿದಾಗ, ಪ್ರತಿ ಸಾವಿರ ಆರ್‌ಪಿಎಂಗೆ (ನಿಮಿಷದ ಸುತ್ತುಗಳಿಗೆ) ಹತ್ತು ಪಿಎಸ್‌ಐ (ಒತ್ತಡದ ಅಳತೆ) ಎಂಬ ಗ್ಯಾರೇಜಿನ ಲೆಕ್ಕಕ್ಕೆ ಒತ್ತಡ ಕಡಿಮೆಯಾಗಲಿಲ್ಲ. ಎಂಜಿನ್ನಿನ ಕೆಳಭಾಗದ ಬಗ್ಗೆ ನನಗೆ ಅಲ್ಲಿಗೆ ಸಮಾಧಾನವಾಯಿತು.

ಉಳಿದದ್ದು ಹೊಗೆ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಹೊಗೆ ಬಂದರೆ ಸಾಮಾನ್ಯವಾಗಿ ವಾಲ್ವಿನ ಸೀಲುಗಳನ್ನು ಅನುಮಾನಿಸಬೇಕು, ಎಳೆತದಲ್ಲಿ ಬಂದರೆ ರಿಂಗುಗಳನ್ನು. ಇದು ಎಳೆತದ ಹೊಗೆ. ಸಿಲಿಂಡರಿನೊಳಗಿನ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಜನ ಅವಸರದಲ್ಲಿ ಮಾಡಿ ಸುಳ್ಳು ಅಂಕಿ ಪಡೆಯುವುದೇ ಹೆಚ್ಚು. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ನಾಲ್ಕೂ ಪ್ಲಗ್ಗುಗಳು ಹೊರಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ವಾಲ್ವು ತೆರೆಯುವ ದಂಡದ ಸ್ಥಿತಿ ತಿಳಿಸುವ ಕ್ಯಾಮ್ ಆ್ಯಂಗಲ್ ಸೆನ್ಸರಿನ ಕನೆಕ್ಟರ್ ಕಿತ್ತರೆ ಈ ಕಾರಿನಲ್ಲಿ ಕಿಡಿಯೂ ಪೆಟ್ರೋಲೂ ಒಟ್ಟಿಗೇ ನಿಲ್ಲುತ್ತವೆ. ಅದನ್ನು ಕೀಳುವಾಗಲೇ, ಸೆನ್ಸರಿನ ಬುಡದ ರಬ್ಬರ್ ಉಂಗುರ ಗಟ್ಟಿಯಾಗಿ ಎಂಜಿನ್ನಿನ ಹಿಂಬದಿಯಲ್ಲಿ ಆಯಿಲ್ ಇಳಿಯುತ್ತಿದ್ದುದು ಕಣ್ಣಿಗೆ ಬಿತ್ತು. ಕುಡಿದದ್ದೆಂದು ನಾವು ಲೆಕ್ಕ ಹಾಕಿದ್ದ ಆಯಿಲಿನಲ್ಲಿ ಒಂದು ಪಾಲು ನೆಲಕ್ಕೆ ಹೋಗಿತ್ತು.

ಒಂದರಿಂದ ನಾಲ್ಕನೆಯ ಸಿಲಿಂಡರಿನವರೆಗೆ ಗೇಜ್ ತೋರಿಸಿದ್ದು ಕ್ರಮವಾಗಿ 172, 170, 138 ಮತ್ತು 168 ಪಿಎಸ್‌ಐ. ಹೊಸ ಎಂಜಿನ್ನಿಗೆ ಸುಮಾರು 190, ಕನಿಷ್ಠ ಸುಮಾರು 135 ಎಂಬುದು ಇದರ ಕೈಪಿಡಿಯ ಅಂಕಿ. ಆ ಲೆಕ್ಕದಲ್ಲಿ ಮೂರನೆಯದು ಕೂಡ ಪಾಸಾಗುತ್ತದೆ. ಆದರೆ ಸಿಲಿಂಡರುಗಳ ನಡುವಿನ ಅಂತರವೇ ನನಗೆ ಹೆಚ್ಚು ಮುಖ್ಯ. ಮೂರು ಒಂದೇ ಸಮವಾಗಿ ಸವೆದು ಉಳಿದ ಒಂದು ಮಾತ್ರ ಮೂವತ್ತರಷ್ಟು ಹಿಂದೆ ಬಿದ್ದರೆ ಅದು ವಯಸ್ಸಿನ ಸವೆತವಲ್ಲ, ಅಲ್ಲಿಯೇ ಏನೋ ಆಗಿದೆ. ಅದರೊಳಕ್ಕೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದಾಗ 160ಕ್ಕೆ ಏರಿತು. ಆಯಿಲ್ ಮುಚ್ಚಬಲ್ಲದ್ದು ರಿಂಗಿನ ಸಂದನ್ನು, ವಾಲ್ವಿನದನ್ನಲ್ಲ. ಆ ಆಯಿಲ್ ಇಳಿದುಹೋದ ಮೇಲೆ ಪಿಸ್ಟನ್ನನ್ನು ಮೇಲಕ್ಕೆ ನಿಲ್ಲಿಸಿ ಗಾಳಿ ತುಂಬಿ ಸೋರಿಕೆ ನೋಡಿದಾಗಲೂ, ಸೈಲೆನ್ಸರಿನಲ್ಲಾಗಲಿ ಇನ್‌ಟೇಕಿನಲ್ಲಾಗಲಿ ಸದ್ದಿಲ್ಲದೆ ಆಯಿಲ್ ತುಂಬುವ ಬಾಯಲ್ಲಿ ಮಾತ್ರ ಹಾವು ಬುಸುಗುಟ್ಟಿದಂತೆ ಕೇಳಿಸಿತು, ಅಂದರೆ ಗಾಳಿ ರಿಂಗನ್ನು ದಾಟಿ ಹೋಗುತ್ತಿತ್ತು.

ಇಲ್ಲಿಯೂ ‘ರಿಂಗು ಹೋಗಿದೆ’ ಎನ್ನಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಸವೆದ ರಿಂಗೂ ಕಾರ್ಬನ್ ಕಟ್ಟಿ ಪಿಸ್ಟನ್ನಿನ ತೋಡಿನಲ್ಲಿ ಸಿಕ್ಕಿಕೊಂಡ ರಿಂಗೂ ಗೇಜಿನ ಮೇಲೆ ಒಂದೇ ಅಂಕಿ ಕೊಡುತ್ತವೆ. ಪ್ಲಗ್ಗಿನ ತೂತಿನಿಂದ ಕ್ಯಾಮೆರಾ ಇಳಿಸಿದಾಗ ಬೀಡುಕಬ್ಬಿಣದ ಗೋಡೆಯ ಮೇಲೆ ಕಾರ್ಖಾನೆಯಲ್ಲಿ ಮೂಡಿಸಿದ ಓರೆ ಗೆರೆಗಳು ಇನ್ನೂ ಉಳಿದಿದ್ದವು. ಉದ್ದುದ್ದ ಗೀರುಗಳಿದ್ದರೂ ಆಳವಾಗಿರಲಿಲ್ಲ, ಪಿಸ್ಟನ್ನಿನ ತಲೆ ಮಾತ್ರ ಕರ್ರಗೆ ಕಟ್ಟಿಕೊಂಡಿತ್ತು. ಕಾರ್ಬನ್ ಕರಗಿಸುವ ದ್ರವವನ್ನು ಆ ಸಿಲಿಂಡರಿಗೆ ಹಾಕಿ ರಾತ್ರಿಯಿಡೀ ಬಿಟ್ಟೆವು. ದ್ರವವನ್ನು ಕುಗ್ಗಿಸಲಾಗದು, ಅದು ಒಳಗಿರುವಾಗ ಪ್ಲಗ್ ಹಾಕಿ ಚಾಲೂ ಮಾಡಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು, ಆದ್ದರಿಂದ ಬೆಳಿಗ್ಗೆ ಪ್ಲಗ್ಗಿಲ್ಲದೆಯೇ ತಿರುಗಿಸಿ ಉಳಿದದ್ದನ್ನು ಹೊರಹಾಕಿ, ಆಯಿಲನ್ನು ಮತ್ತೊಮ್ಮೆ ಬದಲಿಸಿದೆವು.

ಕೆಲವು ವಾರ ಓಡಿಸಿದ ಮೇಲೆ ಮೂರನೆಯದು 152 ತೋರಿಸಿತು, ಉಳಿದವು ಇದ್ದಲ್ಲೇ ಇದ್ದವು. ಹೊಗೆ ತಗ್ಗಿದೆ, ನಿಂತಿಲ್ಲ. ಒಂದಿಷ್ಟು ಸವೆತವೂ ಇದೆ ಎಂದೇ ನನ್ನ ಅಂದಾಜು. ಎಂಜಿನ್ ಬಿಚ್ಚುವ ವಿಚಾರವನ್ನು ಗೆಳೆಯರು ಬೇಸಿಗೆ ಮುಗಿಯುವವರೆಗೆ ಮುಂದೂಡಿದ್ದಾರೆ; ಅಂತರ ಮತ್ತೆ ಮೂವತ್ತು ದಾಟಿದರೆ ಸಿಲಿಂಡರ್ ಹೆಡ್ ಕಳಚುವುದೆಂದು ಒಪ್ಪಂದವಾಗಿದೆ.