ಟೋಲುಂಡ್ ಮನುಷ್ಯನ ಎದುರು

ಡೆನ್ಮಾರ್ಕಿನ ಸಿಲ್ಕೆಬೋರ್ಗ್ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ, ಟೋಲುಂಡ್ ಮನುಷ್ಯನೆಂದು ಹೆಸರಾದ ಪ್ರಾಚೀನ ಶವವನ್ನು ನೋಡಲು ನಿನ್ನೆ ಹೋಗಿದ್ದೆ. 1950ರ ಮೇ ತಿಂಗಳಲ್ಲಿ ಸಮೀಪದ ಜೌಗುನೆಲದಲ್ಲಿ ಉರುವಲಿಗೆಂದು ಪೀಟ್ ಮಣ್ಣನ್ನು (ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ಕಡಿಯುತ್ತಿದ್ದವರು ಈ ಶವವನ್ನು ಕಂಡು, ಇದು ಇತ್ತೀಚಿನ ಕೊಲೆಯೇ ಇರಬೇಕೆಂದು ಪೊಲೀಸರಿಗೆ ಸುದ್ದಿ ಮುಟ್ಟಿಸಿದ್ದರಂತೆ. ಗಾಜಿನಾಚೆಯ ಆ ಮುಖವನ್ನು ನೋಡಿದ ಮೇಲೆ ಅವರ ತಪ್ಪು ನನಗೆ ತಪ್ಪೆನಿಸಲಿಲ್ಲ. ಮುಚ್ಚಿದ ರೆಪ್ಪೆ, ಹಣೆಯ ಸುಕ್ಕು, ಗಲ್ಲದ ಮೇಲೆ ಒಂದೆರಡು ದಿನದ ಕುರುಚಲು ಗಡ್ಡ, ತಲೆಗೆ ತೊಗಲಿನ ಟೊಪ್ಪಿ. ಸತ್ತು ಸುಮಾರು 2,400 ವರ್ಷಗಳಾಗಿವೆ ಎಂದರೆ ಕಣ್ಣು ಒಪ್ಪುವುದಿಲ್ಲ. ಪಾಚಿಯಿಂದ ಹುಟ್ಟುವ ಆಮ್ಲವೂ ಆಮ್ಲಜನಕವಿಲ್ಲದ ತಣ್ಣನೆಯ ನೀರೂ ಸೇರಿ ಚರ್ಮವನ್ನು ಚಮ್ಮಾರನ ತೊಟ್ಟಿಯಲ್ಲಿಟ್ಟಂತೆ ಹದಮಾಡಿ ಕಪ್ಪಾಗಿಸಿವೆ. ಈಗ ಅಸಲಿಯಾಗಿ ಉಳಿದಿರುವುದು ಮುಖ್ಯವಾಗಿ ತಲೆ ಮಾತ್ರ, ಮೈ ಬಹುಪಾಲು ಮರುನಿರ್ಮಿತ. ಹಾಗೆಂದು ಓದಿ ತುಸು ನಿರಾಸೆಯಾಯಿತೆನ್ನುವುದನ್ನು ಮುಚ್ಚಿಡಲಾರೆ.

ಕೊರಳಲ್ಲಿ ಹೆಣೆದ ತೊಗಲಿನ ಕುಣಿಕೆಯಿತ್ತು. ನೇಣು ಹಾಕಿ ದೇವತೆಗಳಿಗೆ ಬಲಿ ಕೊಟ್ಟಿರಬೇಕೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕೊನೆಯ ಊಟವೆಂದರೆ ಜವೆಗೋಧಿ, ಅಗಸೆ ಮತ್ತು ಕಾಡುಬೀಜಗಳ ಗಂಜಿ, ಜೊತೆಗೊಂದಿಷ್ಟು ಮೀನು. ನಮ್ಮ ಮನೆಯ ಬೆಳಗಿನ ಅಂಬಲಿಗಿಂತ ಅದೇನೂ ಬಹಳ ದೂರದ್ದಲ್ಲ.

ಅದೇ ಜೌಗಿನಲ್ಲಿ 1938ರಲ್ಲೇ ದೊರೆತಿದ್ದ ಎಲ್ಲಿಂಗ್ ಮಹಿಳೆಯೂ ಇಲ್ಲಿದ್ದಾಳೆ. ಮುಖ ಉಳಿದಿಲ್ಲ, ಆದರೆ ಸುಮಾರು 90 ಸೆಂಟಿಮೀಟರ್ ಉದ್ದದ ಜಡೆ ಹೆಣೆದದ್ದು ಹೆಣೆದಂತೆಯೇ ಇದೆ. ಅದನ್ನು ಆಕೆಯೇ ಹೆಣೆದುಕೊಂಡಿದ್ದಳೋ, ಇಲ್ಲ ಬೇರೆ ಯಾರಾದರೂ ಹಿಂದೆ ಕುಳಿತು ಹಾಕಿಕೊಟ್ಟಿದ್ದರೋ ಎಂದು ಬಸ್ಸು ಹತ್ತಿದ ಮೇಲೂ ಯೋಚಿಸುತ್ತಲೇ ಇದ್ದೆ.